ನಾಲೆ ಏರಿಯ ಹತ್ತು ಕಲ್ಲು

ಆತಗೂರು
9 ಜೂನ್ 2024

ಮೇಷ್ಟ್ರಿಗೆ ಜೈಭೀಮ್.

ನಾನು ಸುನಿತಾ. 2000ನೇ ಇಸವಿಯಲ್ಲಿ ಆತಗೂರಿನ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿನಲ್ಲಿದ್ದೆ. ಪಟ್ಟಲಮ್ಮನ ಮಗಳು, ಕೇರಿಯ ಕೊನೇ ಮನೆ ಅಂದರೆ ಗುರುತು ಸಿಗಬಹುದು. ನೀವು ನಮ್ಮ ಡ್ರಿಲ್ ಮೇಷ್ಟ್ರಾಗಿದ್ದಾಗ ಶಾಲೆಗೆ ಮೈದಾನವಿಲ್ಲವೆಂದು ನಮ್ಮನ್ನೆಲ್ಲ ನಾಲೆ ಏರಿಯ ಮೇಲೆ ಓಡಿಸುತ್ತಿದ್ದಿರಿ. ನಿಮ್ಮ ಮಗ ಸಿದ್ದೇಶ್‌ಗೆ ಫೋನ್ ಮಾಡಿದ್ದೆ. ಅಪ್ಪನಿಗೆ ಕಿವಿ ಪೂರ್ತಿ ಹೋಗಿದೆ, ಮೆಸೇಜು ಗಿಸೇಜು ಮುಟ್ಟುವುದಿಲ್ಲ, ಶಿವನಸಮುದ್ರದ ಕ್ವಾರ್ಟರ್ಸ್ ವಿಳಾಸಕ್ಕೆ ಕಾಗದ ಬರೆದರೆ ಮಾತ್ರ ಓದುತ್ತಾರೆ ಎಂದರು. ಅದಕ್ಕೇ ಇಷ್ಟು ವರ್ಷದ ಮೇಲೆ ಪೆನ್ನು ಹಿಡಿದು ಕೂತಿದ್ದೇನೆ. ಅಕ್ಷರ ನೋಡಿ ಬೈಯಬೇಡಿ.

ವಿಷಯಕ್ಕೆ ಬರುತ್ತೇನೆ. ಮುಂದಿನ ವರ್ಷ ಮೈಸೂರಿನಲ್ಲಿ ನಡೆಯುವ ಮ್ಯಾರಥಾನ್ ಓಡಬೇಕೆಂದಿದ್ದೇನೆ. ಅರ್ಧದ್ದಲ್ಲ, ಪೂರ್ತಿ ನಲವತ್ತೆರಡು ಕಿಲೋಮೀಟರಿನದು. ಈ ವರ್ಷದ ಕೊನೆಯಿಂದ ತರಬೇತಿ ಶುರು ಮಾಡಬೇಕು. ಆದರೆ ಶುರು ಮಾಡುವಷ್ಟಾದರೂ ನಾನು ತಯಾರಿದ್ದೇನೆಯೇ ಎಂಬುದೇ ಗೊತ್ತಿಲ್ಲ. ಇಲ್ಲಿ ಕೇಳಿದರೆ ನಗುತ್ತಾರೆ. ಗಂಡ ಪುಟ್ಟರಾಜು ಮದ್ದೂರಿನ ಎಳನೀರು ಮಾರುಕಟ್ಟೆಗೆ ಗೂಡ್ಸ್ ಆಟೋ ಓಡಿಸುತ್ತಾನೆ. ಮೈಸೂರಿಗೆ ಹೋಗುವುದಕ್ಕೆ ಬಸ್ಸಿದೆಯಲ್ಲ, ಯಾಕೆ ಓಡುತ್ತೀಯ ಎಂದ. ಅತ್ತೆ ಸಣ್ಣತಾಯಮ್ಮ ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ನನಗೆ ಓಟದ ವಿಷಯ ಹೇಳಿಕೊಟ್ಟವರು ಜೀವಮಾನದಲ್ಲಿ ನೀವೊಬ್ಬರೇ. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಹೌದೋ ಅಲ್ಲವೋ ಎರಡರಲ್ಲಿ ಒಂದು ಬರೆಯಿರಿ.

ನಿಮ್ಮ ಶಿಷ್ಯೆ
ಸುನಿತಾ

*

ಶಿವನಸಮುದ್ರ
21 ಜೂನ್ 2024

ಸುನಿತಾಳಿಗೆ ಜೈಭೀಮ್.

ಗುರುತು ಸಿಕ್ಕಿತು. ಅಕ್ಷರ ಆಗಲೂ ಹೀಗೇ ಇತ್ತು.

ನಿನಗೀಗ ಮೂವತ್ತೊಂಬತ್ತು. ಓಟ ಬಿಟ್ಟು ಇಪ್ಪತ್ನಾಲ್ಕು ವರ್ಷವಾಗಿದೆ. ಮ್ಯಾರಥಾನ್ ಎಂಬುದು ಟೀವಿಯಲ್ಲಿ ನೋಡಿ ಆಸೆಪಡುವ ವಸ್ತುವಲ್ಲ. ಒಂದು ತಪ್ಪು ಹೆಜ್ಜೆಗೆ ಮಂಡಿ ಹೋದರೆ ಜೀವನಪೂರ್ತಿ ಮೆಟ್ಟಿಲು ಹತ್ತುವುದು ಕಷ್ಟ. ಕೆಳಗಿನವಕ್ಕೆ ಉತ್ತರ ಬರೆ. ಎಷ್ಟು ಹೆರಿಗೆ? ಬಿಪಿ, ಸಕ್ಕರೆ ಇದೆಯೇ? ಆಪರೇಷನ್ ಏನಾದರೂ ಆಗಿದೆಯೇ? ದಿನದ ಕೆಲಸವೇನು, ನಿದ್ದೆ ಎಷ್ಟು?

ಹೌದು ಅಥವಾ ಅಲ್ಲ ಎಂದು ಕಾಗದದಲ್ಲಿ ಹೇಳಲಾಗುವುದಿಲ್ಲ. ನಾಲೆ ಏರಿಯ ಕಲ್ಲುಗಳು ಇನ್ನೂ ಇವೆಯಲ್ಲ. ಸೇತುವೆಯಿಂದ ಐದು ಕಲ್ಲು ಹೋಗಿ ಐದು ಕಲ್ಲು ವಾಪಸು ಬಾ. ಒಟ್ಟು ಹತ್ತು ಕಲ್ಲು, ಎಲ್ಲೂ ನಿಲ್ಲದೆ, ಒಂದು ಗಂಟೆ ಇಪ್ಪತ್ತು ನಿಮಿಷದೊಳಗೆ. ದಸರಾ ಹೊತ್ತಿಗೆ ಅದು ಆದರೆ ಮುಂದಿನ ಮಾತು. ಆಗದಿದ್ದರೆ ಈ ಯೋಚನೆಯನ್ನು ಅಲ್ಲಿಗೇ ಬಿಟ್ಟುಬಿಡು.

ದೊಡ್ಡಸಿದ್ದಯ್ಯ

*

ಆತಗೂರು
30 ಜೂನ್ 2024

ಮೇಷ್ಟ್ರಿಗೆ ಜೈಭೀಮ್.

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಹತ್ತು ಕಿಲೋಮೀಟರಿಗೆ ಎಂಬತ್ತು ನಿಮಿಷ ಅಂದರೆ ಒಂದಕ್ಕೆ ಎಂಟು ನಿಮಿಷ. ಹತ್ತನೇ ಕ್ಲಾಸಿನಲ್ಲಿ ಬರಿಗಾಲಲ್ಲಿ ಮೂರು ಕಲ್ಲನ್ನು ಇಪ್ಪತ್ತಮೂರು ನಿಮಿಷದಲ್ಲಿ ಓಡಿದವಳು ನಾನು. ಜಿಲ್ಲಾ ಮಟ್ಟಕ್ಕೆ ಮೂರು ಕಿಲೋಮೀಟರನ್ನು ಹದಿನಾಲ್ಕು ನಿಮಿಷದೊಳಗೆ ಓಡಬೇಕು, ನಿನ್ನ ಕೈಲಾಗುವುದಿಲ್ಲ ಎಂದು ನೀವು ನನ್ನ ಹೆಸರನ್ನು ಕೈಬಿಟ್ಟಿರಿ. ಆ ಇಪ್ಪತ್ತಮೂರು ನಿಮಿಷವನ್ನು ನಾನು ಇವತ್ತಿಗೂ ಮರೆತಿಲ್ಲ. ಅಷ್ಟು ನಿಧಾನಿಯಾಗಿದ್ದ ಹುಡುಗಿಯ ವೇಗಕ್ಕಿಂತಲೂ ಕಮ್ಮಿಯದನ್ನೇ ಈಗ ಕೇಳಿದ್ದೀರಿ. ಕನಿಕರಪಟ್ಟು ಕೊಟ್ಟ ಪರೀಕ್ಷೆ ಅನ್ನಿಸಿತು.

ಕೇಳಿದ್ದಕ್ಕೆ ಉತ್ತರ. ಹೆರಿಗೆ ಒಂದು, ಮಗಳು ಶಾಲಿನಿ ಮದ್ದೂರಿನಲ್ಲಿ ಪಿಯುಸಿ ಓದುತ್ತಿದ್ದಾಳೆ. ಬಿಪಿ ಇಲ್ಲ, ಸಕ್ಕರೆ ಇಲ್ಲ, ಆಪರೇಷನ್ ಯಾವುದೂ ಇಲ್ಲ. ಕೆಲಸ ನಮ್ಮೂರ ಮಹಿಳಾ ಡೇರಿಯ ಸೆಕ್ರೆಟರಿ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದು ಹಾಲು ಅಳೆಯಬೇಕು, ಸಾಯಂಕಾಲ ಮತ್ತೆ ಆರಕ್ಕೆ. ಕೇರಿಯವಳು ಮುಟ್ಟಿ ಅಳೆದ ಹಾಲೇ ಅಂತ ಮೂಗು ಮುರಿದವರೆಲ್ಲ ಈಗ ಕ್ಯಾನು ಹಿಡಿದು ನನ್ನ ಕಿಟಕಿ ಮುಂದೆ ಸಾಲಾಗಿ ನಿಲ್ಲುತ್ತಾರೆ. ನಾನು ಯಾರ ಮುಖವನ್ನೂ ನೋಡಿ ಹಾಲಿಗೆ ಗುಣ ಕಟ್ಟುವುದಿಲ್ಲ, ಲ್ಯಾಕ್ಟೋಮೀಟರ್ ಏನು ಹೇಳುತ್ತದೋ ಅದೇ. ನೀವೂ ನನ್ನ ವಯಸ್ಸು ನೋಡಬೇಡಿ, ಓಟ ನೋಡಿ.

ನಾಳೆಯಿಂದ ಏರಿ ಮೇಲೆ ಇರುತ್ತೇನೆ.

ನಿಮ್ಮ ಶಿಷ್ಯೆ
ಸುನಿತಾ

*

ಆತಗೂರು
18 ಆಗಸ್ಟ್ 2024

ಮೇಷ್ಟ್ರಿಗೆ,

ನಗಬಾರದಿತ್ತು.

ಮೊದಲ ದಿನ ಎರಡನೇ ಕಲ್ಲಿಗೇ ಕೂತುಬಿಟ್ಟೆ. ಏಳು ವಾರವಾಯಿತು. ಈಗ ಹೋಗಿ ಬರುವುದು ಸೇರಿ ಆರು ಕಲ್ಲು ನಿಲ್ಲದೆ ಓಡುತ್ತೇನೆ. ಆದರೆ ಒಂದೊಂದು ಕಲ್ಲಿಗೆ ಹನ್ನೆರಡು ನಿಮಿಷ ಹಿಡಿಯುತ್ತಿದೆ. ನನಗೆ ಓಡುತ್ತಿದ್ದೇನೆ ಅನ್ನಿಸುತ್ತದೆ, ಮೈಯೆಲ್ಲ ನೀರಿಳಿಯುತ್ತದೆ. ಗಡಿಯಾರ ನೋಡಿದರೆ ಹಾಲು ಹಾಕಿ ವಾಪಸು ಹೋಗುವ ಅಜ್ಜಿಯರ ನಡಿಗೆಯ ಲೆಕ್ಕ. ಫೋನಿನಲ್ಲೇ ದೂರ ಅಳೆಯಬಹುದು ಎಂದು ಶಾಲಿನಿ ಹೇಳಿದಳು. ಮೇಷ್ಟ್ರು ಕಲ್ಲು ಎಂದಿದ್ದಾರೆ, ಕಲ್ಲೇ ಸಾಕು ಎಂದೆ. ಫೋನು ಹಿಡಿದು ಓಡುವುದು ನನಗೆ ಸರಿಬರುವುದೂ ಇಲ್ಲ.

ಮಗಳ ಹಳೇ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಹೋಗುತ್ತೇನೆ. ಅತ್ತೆಗೆ ಅದೇ ದೊಡ್ಡ ಸಂಕಟ. ಎದುರಿಗೆ ಕೂರಿಸಿಕೊಂಡು ಹೇಳಿದರು. “ಮದ್ವೆಗ್ ಬಂದ್ ಮಗ್ಳವ್ಳೆ ಮನೇಲಿ. ನೀನು ಪ್ಯಾಂಟ್ ಆಕ್ಕಂಡು ಏರಿ ಮ್ಯಾಲೆ ಓಡುದ್ರೆ ನೋಡ್ದೋರು ಏನಂತಾರೆ ಕಣವ್ವ?” ನೋಡಿದವರು ಆಗಲೇ ಅಂದೂ ಆಯಿತು, ಟೀ ಅಂಗಡಿಯಲ್ಲಿ ನನ್ನ ಹೆಸರೇ ಮ್ಯಾರಥಾನು ಎಂದು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ನಾನು ನಿಲ್ಲಿಸಲೂ ಇಲ್ಲ.

ಎಲ್ಲಿ ತಪ್ಪುತ್ತಿದ್ದೇನೆ, ಸ್ವಲ್ಪ ಹೇಳಿ. ಉಸಿರೇ, ಹೆಜ್ಜೆಯೇ?

ಸುನಿತಾ

*

ಶಿವನಸಮುದ್ರ
1 ಸೆಪ್ಟೆಂಬರ್ 2024

ಸುನಿತಾಳಿಗೆ,

ಹೆಜ್ಜೆ ಚಿಕ್ಕದಾಗಿ ಇಡು. ಹೊಟ್ಟೆ ತುಂಬಿಸಿಕೊಂಡು ಓಡಬೇಡ. ಏಳು ವಾರಕ್ಕೇ ಆರು ಕಲ್ಲು ಎಂದು ಬರೆದಿದ್ದೀಯ. ಸರಿಯಾಗಿ ಎಣಿಸಿದ್ದೀಯ ತಾನೆ?

ಸಮಯದ ವಿಷಯದಲ್ಲಿ ರಿಯಾಯಿತಿ ಇಲ್ಲ.

ದೊಡ್ಡಸಿದ್ದಯ್ಯ

*

ಆತಗೂರು
6 ಅಕ್ಟೋಬರ್ 2024

ಮೇಷ್ಟ್ರಿಗೆ,

ಇವತ್ತು ಓಡಿದೆ. ಡೇರಿಯ ಬಾಗಿಲು ತೆಗೆಯುವುದಕ್ಕೆ ಹಾಲು ಪರೀಕ್ಷೆ ಮಾಡುವ ಸೌಮ್ಯಳಿಗೆ ಹೇಳಿ ನಾಲ್ಕೂವರೆಗೆ ಸೇತುವೆ ಬಿಟ್ಟೆ. ಐದು ಕಲ್ಲು ಹೋದೆ, ಐದು ಕಲ್ಲು ಬಂದೆ. ಎಲ್ಲೂ ನಿಲ್ಲಲಿಲ್ಲ, ನಡೆಯಲಿಲ್ಲ, ನೀರಿಗೂ ನಿಲ್ಲಲಿಲ್ಲ.

ಒಂದು ಗಂಟೆ ಐವತ್ತೆರಡು ನಿಮಿಷ.

ಸುಳ್ಳು ಬರೆಯಬಹುದಿತ್ತು, ಏರಿ ಮೇಲೆ ಇದ್ದದ್ದು ನಾನೊಬ್ಬಳೇ. ಬರೆಯಲು ಮನಸ್ಸಾಗಲಿಲ್ಲ. ನೀವು ಹೇಳಿದ್ದಕ್ಕಿಂತ ಮೂವತ್ತೆರಡು ನಿಮಿಷ ಹೆಚ್ಚು. ಹತ್ತು ಕಿಲೋಮೀಟರನ್ನು ಬಿರುಸಾಗಿ ನಡೆದವರೂ ಇಷ್ಟರಲ್ಲೇ ಬರುತ್ತಾರಂತೆ. ಸೇತುವೆಯ ಕಟ್ಟೆ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಎದ್ದು ಹೋಗಿ ಹಾಲು ಅಳೆದೆ.

ಆದರೂ ಒಂದು ಮಾತು. ಮುಗಿಸಿದ ಮೇಲೆ ಇನ್ನೂ ಎರಡು ಕಲ್ಲು ಓಡುವಷ್ಟು ಕಾಲು ಇತ್ತು. ಇದನ್ನೂ ಲೆಕ್ಕಕ್ಕೆ ಹಿಡಿದು ತೀರ್ಪು ಬರೆಯಿರಿ.

ಸುನಿತಾ

*

ಶಿವನಸಮುದ್ರ
14 ಅಕ್ಟೋಬರ್ 2024

ಸುನಿತಾಳಿಗೆ,

ಪ್ರಾಮಾಣಿಕವಾಗಿ ಬರೆದಿದ್ದೀಯ, ಸಂತೋಷ. ನಾನೂ ಹಾಗೇ ಬರೆಯುತ್ತೇನೆ. ನೀನು ತಯಾರಿಲ್ಲ. ಈ ವಯಸ್ಸಿನಲ್ಲಿ ತಯಾರಾಗುತ್ತೀಯ ಎಂದು ನನಗೆ ತೋರುವುದಿಲ್ಲ. ನಲವತ್ತೆರಡು ಕಿಲೋಮೀಟರ್ ನಿನ್ನ ಕೈಲಾಗುವುದಿಲ್ಲ.

ಆರೋಗ್ಯಕ್ಕಾಗಿ ದಿನಾ ಬೆಳಗ್ಗೆ ನಡೆ. ಮಗಳನ್ನು ಓದಿಸು. ಊರಿನಲ್ಲಿ ಒಳ್ಳೆಯ ಹೆಸರಿರುವ ಕೆಲಸವಿದೆ, ಅದೂ ಸಣ್ಣದೇನಲ್ಲ. ಬೇಸರ ಮಾಡಿಕೊಳ್ಳಬೇಡ.

ದೊಡ್ಡಸಿದ್ದಯ್ಯ

*

ಆತಗೂರು
27 ಅಕ್ಟೋಬರ್ 2024

ಮೇಷ್ಟ್ರೇ,

ನಿಮ್ಮ ಕಾಗದ ಬಂದ ದಿನ ಅಡುಗೆಮನೆಯಲ್ಲಿ ಒಲೆ ಮುಂದೆ ಅದನ್ನು ಮೂರು ಸಲ ಓದಿದೆ. ಕೈಲಾಗುವುದಿಲ್ಲ ಎಂಬುದನ್ನು ಇಪ್ಪತ್ನಾಲ್ಕು ವರ್ಷದ ಹಿಂದೆ ಯಾವ ಮಾತಿನಲ್ಲಿ ಹೇಳಿದ್ದಿರೋ ಈಗಲೂ ಅದೇ ಮಾತಿನಲ್ಲಿ ಬರೆದಿದ್ದೀರಿ. ಪುಟ್ಟರಾಜುಗೆ ಓದಿ ಹೇಳಿದೆ. ಅವನು ತಮಾಷೆ ಮಾಡುತ್ತಾನೆಂದುಕೊಂಡಿದ್ದೆ. “ಯಾವೋನೋ ಬ್ಯಾಡಂದ ಅಂತ ನಿಲ್ಸ್ಬುಡ್ತೀಯಾ? ನಾನು ಬ್ಯಾಡಂದಾಗ ನಿಲ್ಸುದ್ಯಾ?” ಎಂದ. ಅದಕ್ಕೇ ನಿಲ್ಲಿಸಲಿಲ್ಲ.

ಮೊನ್ನೆ ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡಿತೆಂದು ಊರಲ್ಲಿ ಗುಲ್ಲಾಯಿತು. ಒಬ್ಬಳೇ ಹೋಗಬೇಡ ಎಂದು ಅವನು ಹಟ ಹಿಡಿದು, ಗೂಡ್ಸ್ ಆಟೋದ ಲೈಟು ಹಾಕಿಕೊಂಡು ಏರಿ ಮೇಲೆ ನನ್ನ ಹಿಂದೆಯೇ ಬಂದ. ಐದು ಕಲ್ಲು ಹೋಗಿ ಐದು ಕಲ್ಲು ಬಂದೆವು. ಇನ್ನೂ ಎರಡು ನಿಮಿಷ ಕಮ್ಮಿಯಾಗಿತ್ತು. ಸೇತುವೆ ಹತ್ತಿರ ನಾನು ಬಗ್ಗಿ ಮಂಡಿ ಹಿಡಿದುಕೊಂಡು ನಿಂತಿದ್ದೇನೆ, ಅವನು ಆಟೋದಿಂದ ಇಳಿಯದೆ ಮೀಟರನ್ನೇ ನೋಡುತ್ತಿದ್ದಾನೆ.

“ಈ ಕಲ್ಗಳು ಸುಳ್ಳೇಳ್ತವೆ ಕಣೇ. ನೀನು ಓಡಿರಾದು ಅತ್ತಲ್ಲ. ಅದ್ನಾರು ಕಿಲೋಮೀಟ್ರು.”

ನಾನು ನಂಬಲಿಲ್ಲ. ಆಟೋ ಮೀಟರ್ ಕೆಟ್ಟಿದೆ ಎಂದೆ. ಅವನು ನನ್ನನ್ನು ಕೂರಿಸಿಕೊಂಡು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಮತ್ತೆ ಓಡಿಸಿದ. ಒಂದೂ ಆರು. ಮುಂದಿನದಕ್ಕೂ ಅಷ್ಟೇ, ಒಂದು ಪಾಯಿಂಟ್ ಆರು ಕಿಲೋಮೀಟರ್. ಅಷ್ಟರಲ್ಲಿ ನಾಲೆಯ ನೀರುಗಂಟಿ ಚಿಕ್ಕಬೋರಯ್ಯ ತೂಬು ನೋಡುವುದಕ್ಕೆ ಬಂದ. ಅವನನ್ನು ಕೇಳಿದರೆ, ಇದೇನು ದೊಡ್ಡ ಸುದ್ದಿಯೇ ಎಂಬಂತೆ ನಮ್ಮಿಬ್ಬರನ್ನೂ ನೋಡಿದ. “ಅವು ಮೈಲಿ ಲೆಕ್ಕದವು ಕಣ್ಲಾ. ಕಿಲೋಮೀಟ್ರು ಬರಾಕ್ ಮುಂಚೆ ನೆಟ್ಟಿರಾವು. ನಮ್ಮಪ್ಪ ನೀರುಗಂಟಿಯಾಗಿದ್ದಾಗ್ಲೇ ಇದ್ವು.”

ಮೇಷ್ಟ್ರೇ, ಹದಿನಾರು ಕಿಲೋಮೀಟರನ್ನು ಒಂದು ಗಂಟೆ ಐವತ್ತೆರಡು ನಿಮಿಷದಲ್ಲಿ ನಿಲ್ಲದೆ ಓಡಿದವಳಿಗೆ ನೀವು ನಡೆಯಲು ಹೇಳಿದಿರಿ.

ಇಷ್ಟಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆವತ್ತು ಡೇರಿಯಲ್ಲಿ ಕೂತು ಹಳೇದನ್ನೂ ಲೆಕ್ಕ ಹಾಕಿದೆ. ಮೂರು ಕಲ್ಲು ಎಂದರೆ ಹತ್ತಿರ ಹತ್ತಿರ ಐದು ಕಿಲೋಮೀಟರ್. ಐದು ಕಿಲೋಮೀಟರನ್ನು ಇಪ್ಪತ್ತಮೂರು ನಿಮಿಷದಲ್ಲಿ ಓಡುವ ಹುಡುಗಿ ಮೂರು ಕಿಲೋಮೀಟರನ್ನು ಹದಿನಾಲ್ಕು ನಿಮಿಷದಲ್ಲಿ ಮುಗಿಸುತ್ತಾಳೆ. ಜಿಲ್ಲೆಗೆ ಬೇಕಾಗಿದ್ದದ್ದೂ ಅಷ್ಟೇ. ಶೂ ಇಲ್ಲದೆ, ಬೆಳಗ್ಗೆ ಬರೀ ಗಂಜಿ ಕುಡಿದು ಬಂದು ಓಡಿದ್ದು ಅದು. ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತಾ ಕೂತಿದ್ದೆ, ಹಾಲು ಅಳೆಯಲು ಸೌಮ್ಯ ಬಂದಳು.

ನಾನೂ ನಿಮಗೆ ಒಂದು ಸುಳ್ಳು ಬರೆದಿದ್ದೆ. ಆಪರೇಷನ್ ಆಗಿದೆ. ನಾಲ್ಕು ವರ್ಷದ ಹಿಂದೆ ಗರ್ಭಕೋಶ ತೆಗೆದರು. ಹೇಳಿದರೆ ಅಲ್ಲಿಗೇ ಬೇಡ ಎನ್ನುತ್ತೀರೆಂದು ಮುಚ್ಚಿಟ್ಟೆ. ಆಸ್ಪತ್ರೆಯಿಂದ ಬಂದ ಮೇಲೆ ಮನೆಯವರು, ನೆಂಟರು, ಡೇರಿಯವರು ಎಲ್ಲರೂ ನನ್ನನ್ನು ಒಡೆದ ಮಡಕೆ ಹಾಗೆ ನೋಡಿದರು. ಭಾರ ಎತ್ತಬೇಡ, ಜೋರಾಗಿ ನಡೆಯಬೇಡ, ಸುನಿತಾ ಕೈಲಿ ಅದಾಗಲ್ಲ ಬಿಡು. ಮೂರೂವರೆ ವರ್ಷ ಕೇಳಿಸಿಕೊಂಡೆ. ಮದ್ದೂರಿನ ಡಾಕ್ಟರಮ್ಮ ಪರೀಕ್ಷೆ ಮಾಡಿ ಏನು ಬೇಕಾದರೂ ಮಾಡಬಹುದು ಎಂದ ದಿನ, ಎಲ್ಲಕ್ಕಿಂತ ದೊಡ್ಡದು ಯಾವುದಿದೆಯೋ ಅದನ್ನೇ ಮಾಡುತ್ತೇನೆಂದು ತೀರ್ಮಾನಿಸಿದೆ. ಮ್ಯಾರಥಾನ್ ಹೊಳೆದದ್ದು ಹಾಗೆ.

ನನ್ನ ಸುಳ್ಳು ಹೇಳಿದ್ದಾಯಿತು. ಈಗ ನಿಮ್ಮದು. ಆ ಕಲ್ಲುಗಳು ಮೈಲಿಯವು ಎಂದು ನಿಮಗೆ ಗೊತ್ತಿತ್ತೇ? ನಿಮ್ಮ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಏರಿಯ ಓಟಕ್ಕೆ ಕಿಲೋಮೀಟರ್ ಎಂದು ಬರೆದವಳು ನಾನು. ನೀವು ಎಲ್ಲ ಕಡೆಯೂ ಕಲ್ಲು ಎಂದಷ್ಟೇ ಬರೆದಿದ್ದೀರಿ.

ಸುನಿತಾ

*

ಆತಗೂರು
24 ನವೆಂಬರ್ 2024

ಮೇಷ್ಟ್ರೇ,

ನಾಲ್ಕು ವಾರವಾಯಿತು, ಉತ್ತರವಿಲ್ಲ. ಸಿದ್ದೇಶ್‌ಗೆ ಫೋನ್ ಮಾಡಿದೆ. ಕಾಗದ ತಲುಪಿದೆ, ಅಪ್ಪ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ, ಊಟ ಸರಿಯಾಗಿ ಮಾಡುತ್ತಿಲ್ಲ, ಏನು ಬರೆದಿದ್ದಿರಿ ಎಂದು ನನ್ನನ್ನೇ ಕೇಳಿದರು. ಓಟದ ವಿಷಯ ಎಂದೆ.

ಊಟ ಮಾಡಿ. ಊಟ ಬಿಟ್ಟರೆ ನನಗೆ ಉತ್ತರ ಕೊಟ್ಟ ಹಾಗಾಗುವುದಿಲ್ಲ.

ಈ ಭಾನುವಾರ ಹನ್ನೆರಡು ಕಲ್ಲು ಓಡಿದೆ.

ಸುನಿತಾ

*

ಶಿವನಸಮುದ್ರ
6 ಡಿಸೆಂಬರ್ 2024

ಸುನಿತಾಳಿಗೆ ಜೈಭೀಮ್.

ಪರಿನಿರ್ವಾಣದ ದಿನವೆಂದು ಬೆಳಗ್ಗೆ ಬಾಬಾಸಾಹೇಬರ ಪಟದ ಮುಂದೆ ಮೇಣದಬತ್ತಿ ಹಚ್ಚಿ ಬಂದು ಕೂತೆ. ಇವತ್ತೂ ಬರೆಯದಿದ್ದರೆ ಆ ಪಟದ ಮುಂದೆ ನಿಲ್ಲುವ ಯೋಗ್ಯತೆ ನನಗಿಲ್ಲ ಅನ್ನಿಸಿತು.

ಗೊತ್ತಿತ್ತು.

ನೀನು ಓಡಿದ ವರ್ಷದಲ್ಲಿ ಗೊತ್ತಿರಲಿಲ್ಲ, ಇದನ್ನು ನಂಬು. ಶಾಲೆಗೆ ಮೈದಾನ ಇರಲಿಲ್ಲ. ಏರಿ ಮೇಲೆ ಸಾಲಾಗಿ ಕಲ್ಲುಗಳಿದ್ದವು, ಒಂದೊಂದರ ಮೇಲೂ ಒಂದೊಂದು ಅಂಕಿ ಇತ್ತು. ಕಿಲೋಮೀಟರೇ ಇರಬೇಕು ಎಂದುಕೊಂಡೆ, ಅಳೆದು ನೋಡಲಿಲ್ಲ. ಹದಿನೆಂಟು ವರ್ಷ ಮಕ್ಕಳನ್ನು ಅದೇ ಕಲ್ಲುಗಳ ನಡುವೆ ಓಡಿಸಿದೆ. ಯಾರೂ ಜಿಲ್ಲೆಯ ಹೊತ್ತಿಗೆ ಹತ್ತಿರ ಬರಲಿಲ್ಲ. ಒಬ್ಬರಾದರೂ ಬರಬೇಡವೇ ಎಂಬ ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ಯಾಕೆ ಬರಲಿಲ್ಲವೆಂಬುದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಅರ್ಧ ಹೊಟ್ಟೆಗೆ ಉಂಡು ಬರುವ ನಮ್ಮ ಕೇರಿಯ ಮಕ್ಕಳು, ಅವರ ಕೈಲಿ ಇಷ್ಟೇ ಆಗುವುದು ಎಂದುಕೊಂಡೆ. ಅದೇ ಕೇರಿಯಿಂದ ಓದಿ ಮೇಲೆ ಬಂದವನು ನಾನು. ಬೇರೆಯವರು ನಮ್ಮ ಬಗ್ಗೆ ಹೇಳುತ್ತಿದ್ದುದನ್ನೇ ನಾನೂ ನಂಬಿಕೊಂಡು ಮೇಷ್ಟ್ರಾಗಿದ್ದೆ. ಒಂದು ಕಲ್ಲನ್ನು ಅನುಮಾನಿಸುವುದಕ್ಕಿಂತ ಅಷ್ಟೂ ಮಕ್ಕಳನ್ನು ಅನುಮಾನಿಸುವುದು ನನಗೆ ಸುಲಭವಾಗಿತ್ತು.

ಗೊತ್ತಾದದ್ದು ನಿವೃತ್ತಿಯಾದ ಮೇಲೆ, 2013ರಲ್ಲಿ. ಆತಗೂರಿನ ಒಂದು ಮದುವೆಗೆ ಸಿದ್ದೇಶನ ಬೈಕಿನಲ್ಲಿ ಏರಿ ಮೇಲೆ ಹೋಗುತ್ತಿದ್ದೆವು. ನಿನ್ನ ಗಂಡ ನೋಡಿದ ಹಾಗೇ ನಾನೂ ಮೀಟರ್ ನೋಡಿದೆ. ಮದುವೆ ಊಟಕ್ಕೂ ನಿಲ್ಲಲಿಲ್ಲ. ಮನೆಗೆ ಬಂದು ಹಳೇ ಡ್ರಿಲ್ ರಿಜಿಸ್ಟರ್ ತೆಗೆದೆ. ಹದಿನಾಲ್ಕು ನಿಮಿಷದ ಲೆಕ್ಕಕ್ಕೆ ಬರುವವರು ಹನ್ನೊಂದು ಮಕ್ಕಳಿದ್ದರು. ನಿನ್ನ ಹೆಸರಿತ್ತು. ನಿನಗಿಂತ ಒಂದು ನಿಮಿಷ ಮುಂದೆ ಮಲ್ಲಿಗಮ್ಮನ ಹೆಸರಿತ್ತು. ಹನ್ನೊಂದರಲ್ಲಿ ಒಬ್ಬರಿಗೂ ಹೇಳಲಿಲ್ಲ. ಹೇಳಿ ಏನು ಪ್ರಯೋಜನ, ಕಾಲ ಮುಗಿದಿದೆ ಎಂದು ಹನ್ನೊಂದು ವರ್ಷ ಸುಮ್ಮನಿದ್ದೆ.

ನಿನ್ನಪ್ಪನಿಗೆ ಹೇಳಿದ ಮಾತು ನಿನಗೆ ಗೊತ್ತಿಲ್ಲ. ಓಟದಿಂದ ಸರ್ಕಾರಿ ಕೆಲಸ ಸಿಗುತ್ತದಂತೆ, ಮಗಳನ್ನು ಮುಂದಕ್ಕೆ ಕಳಿಸಲೇ ಎಂದು ಅವನು ಶಾಲೆಗೆ ಬಂದು ಕೇಳಿದ. ಅವಳ ಓಟದಲ್ಲಿ ಏನೂ ಇಲ್ಲ, ಸಂಬಂಧ ಬಂದರೆ ನೋಡು ಎಂದೆ.

ಈಗಿನದು ಅದಕ್ಕಿಂತ ಕೆಟ್ಟದ್ದು. ಜೂನಿನಲ್ಲಿ ನಿನ್ನ ಕಾಗದ ಬಂದಾಗ ಹೆದರಿದೆ. ನೀನು ಓಡಿ ಗೆದ್ದರೆ ನಾನು ಹೇಳಿದ್ದು ಸುಳ್ಳಾಗುತ್ತದೆ. ಆದ್ದರಿಂದ ಹತ್ತು ಮೈಲಿಯನ್ನು ನಿನ್ನ ಹುಡುಗಾಟದ ವಯಸ್ಸಿನ ವೇಗದಲ್ಲಿ ಓಡು ಎಂದೆ. ಅದು ಆಗುವುದಿಲ್ಲವೆಂದು ತಿಳಿದೇ ಬರೆದೆ. ನೀನು ಸೋತು, ಸೋತೆ ಎಂದು ನಿನ್ನ ಕೈಯಿಂದಲೇ ಬರೆದರೆ ನಾನು ನಿದ್ದೆ ಮಾಡಬಹುದೆಂದು ಲೆಕ್ಕ ಹಾಕಿದ್ದೆ. ನೀನು ನಿಲ್ಲದೆ ಓಡಿ ಮುಗಿಸುತ್ತೀಯ ಎಂದು ಎಣಿಸಿರಲಿಲ್ಲ.

ಕ್ಷಮೆ ಕೇಳುವ ಮುಖವಿಲ್ಲ, ಆದರೂ ಕೇಳುತ್ತೇನೆ. ಇಪ್ಪತ್ತು ವಾರದ ತರಬೇತಿಯ ಪಟ್ಟಿ ಬರೆದು ಇದರ ಜೊತೆ ಇಟ್ಟಿದ್ದೇನೆ, ಈ ಸಲ ಎಲ್ಲವೂ ಕಿಲೋಮೀಟರಿನಲ್ಲಿ. ಗರ್ಭಕೋಶದ ಆಪರೇಷನ್ ಆದವರು ಓಡುವ ಬಗ್ಗೆ ಇಲ್ಲಿನ ಡಾಕ್ಟರನ್ನು ಕೇಳಿ, ಸೊಂಟ ಗಟ್ಟಿ ಮಾಡುವ ವ್ಯಾಯಾಮಗಳನ್ನೂ ಸೇರಿಸಿದ್ದೇನೆ. ನಿನಗೆ ಸಲ್ಲಬೇಕಾಗಿದ್ದ ಮಾತನ್ನು ಪಟ್ಟಿಯ ತಲೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದೇನೆ. ಸುನಿತಾ ತಯಾರಿದ್ದಾಳೆ.

ದೊಡ್ಡಸಿದ್ದಯ್ಯ

*

ಆತಗೂರು
5 ಜನವರಿ 2025

ದೊಡ್ಡಸಿದ್ದಯ್ಯ ಮೇಷ್ಟ್ರಿಗೆ ಜೈಭೀಮ್.

ಹೋದ ತಿಂಗಳು ನಿಮಗೆ ಎರಡು ಕಾಗದ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ಬರೀ ಬೈಗುಳವಿತ್ತು. ಎರಡನೆಯದು ಕ್ಷಮಿಸಿದ್ದೇನೆ ಎಂದು ಶುರುವಾಗಿತ್ತು, ಓದಿದರೆ ನನಗೇ ಸುಳ್ಳು ಅನ್ನಿಸಿತು. ಕ್ಷಮಿಸಿಲ್ಲ. ಮುಂದೆ ಏನಾಗುತ್ತದೋ ಗೊತ್ತಿಲ್ಲ. ನೀವು ನಿಜ ಬರೆದದ್ದು ಕಷ್ಟದ ಕೆಲಸವೆಂಬುದು ಮಾತ್ರ ಗೊತ್ತಿದೆ.

ಅವ್ವನಿಗೆ ಎಲ್ಲವನ್ನೂ ಓದಿ ಹೇಳಿದೆ. ಪಟ್ಟಲಮ್ಮನ ಬಾಯಿ ನಿಮಗೆ ನೆನಪಿರಬೇಕು. ಶಿವನಸಮುದ್ರಕ್ಕೆ ಬಸ್ಸು ಹತ್ತಿ ಬಂದು ನಿಮ್ಮ ಬಾಗಿಲಲ್ಲೇ ಕೂಗಾಡುತ್ತಾಳೆಂದು ಹೆದರಿಕೊಂಡೇ ಓದಿದೆ. ಅವಳು ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ಮೇಷ್ಟ್ರು ಯೋಳುದ್ರು, ಓದ್ದೋರು ಅಂತ ನಾವು ನಂಬ್ಬುಟ್ಟೊ. ಓಡ್ತಿದ್ದೋಳು ನೀನು. ನೀನ್ಯಾಕ್ ನಂಬ್ದೆ?”

ಅವತ್ತು ಅವಳ ಮೇಲೂ ಸಿಟ್ಟು ಬಂತು. ಹದಿನೈದು ವರ್ಷದ ಹುಡುಗಿ ನಂಬದೆ ಏನು ಮಾಡುತ್ತಾಳೆ ಎಂದು ಕೂಗಾಡಿ ಮನೆಗೆ ಬಂದೆ. ಆದರೆ ಹೋದ ಅಕ್ಟೋಬರಿನಲ್ಲಿ ನಾನು ಹದಿನೈದರ ಹುಡುಗಿಯಾಗಿರಲಿಲ್ಲ. ಮುಗಿಸಿದ ಮೇಲೂ ಕಾಲಲ್ಲಿ ಶಕ್ತಿ ಇತ್ತು, ಅದು ನನಗೆ ಗೊತ್ತಿತ್ತು. ಆದರೂ ಸೇತುವೆ ಮೇಲೆ ಕೂತು ಸೋತೆ ಎಂದು ಅತ್ತೆ. ಹಾಲಿಗೆ ಮೀಟರ್ ಅದ್ದಿ ನೋಡುವವಳು ನನ್ನ ವಿಷಯಕ್ಕೆ ಬಂದಾಗ ನಿಮ್ಮ ಮಾತನ್ನೇ ನಂಬಿದೆ. ಆ ತಪ್ಪು ನನ್ನದು. ಅದನ್ನು ಇನ್ನೊಂದು ಸಲ ಮಾಡುವುದಿಲ್ಲ.

ಪಟ್ಟಿಯನ್ನು ಇಟ್ಟುಕೊಂಡಿದ್ದೇನೆ. ಚೆನ್ನಾಗಿದೆ. ನಾಲ್ಕನೇ ವಾರದ ಬುಧವಾರ ಮಾತ್ರ ನನಗೆ ಒಗ್ಗುವುದಿಲ್ಲ, ಅವತ್ತು ಡೇರಿಯ ಸಭೆ ಇರುತ್ತದೆ, ಗುರುವಾರಕ್ಕೆ ಹಾಕಿಕೊಂಡಿದ್ದೇನೆ. ವ್ಯಾಯಾಮಗಳನ್ನು ಮದ್ದೂರಿನ ಡಾಕ್ಟರಮ್ಮನಿಗೆ ತೋರಿಸಿದೆ, ಮಾಡಿ ಎಂದರು. ಮಂಡಿ ಒಂದೊಂದು ದಿನ ನೋಯುತ್ತದೆ. ಮೂವತ್ತನೇ ಕಿಲೋಮೀಟರಿನಲ್ಲಿ ಬಿದ್ದುಬಿಡಬಹುದು, ಮುಗಿಸದೆಯೂ ಇರಬಹುದು. ಹಾಗಾದರೆ ಆ ಸೋಲನ್ನು ನಾನೇ ಓಡಿ ಸಂಪಾದಿಸಿರುತ್ತೇನೆ.

ತಲೆಯ ಮೇಲೆ ನೀವು ಬರೆದು ಸಹಿ ಹಾಕಿದ ಆ ಒಂದು ಸಾಲನ್ನು ಕತ್ತರಿಯಿಂದ ಕತ್ತರಿಸಿ ಇದರ ಜೊತೆ ವಾಪಸು ಕಳಿಸಿದ್ದೇನೆ. ಕೋಪದಿಂದ ಕಳಿಸುತ್ತಿಲ್ಲ, ಸ್ವಲ್ಪ ಕೋಪವೂ ಇದೆ. ಅದು ನನಗೆ ಬೇಕಾಗಿದ್ದದ್ದು 2000ನೇ ಇಸವಿಯಲ್ಲಿ. ಆಗ ಅದನ್ನು ಎದೆಗೆ ಒತ್ತಿಕೊಂಡು ಮಲಗುತ್ತಿದ್ದೆ. ಈಗ ನನಗೆ ಬೇಡ. ನೀವು ಹೌದೆಂದರೆ ಮಾತ್ರ ನಾನು ತಯಾರು ಎಂದಾದರೆ, ನಾಳೆ ನೀವು ಅಲ್ಲವೆಂದಾಗ ಮತ್ತೆ ಕೂತುಬಿಡುತ್ತೇನೆ.

ನನಗೊಬ್ಬಳಿಗೆ ಬರೆದು ನೀವು ಮುಗಿಸುವ ಹಾಗಿಲ್ಲ. ಇನ್ನೂ ಹತ್ತು ಮಂದಿ ಇದ್ದಾರೆ. ಮಲ್ಲಿಗಮ್ಮ ಮಳವಳ್ಳಿಯ ಹತ್ತಿರ ಗಂಡನ ಊರಲ್ಲಿದ್ದಾಳೆ, ಕಬ್ಬು ಕಡಿಯಲು ಹೋಗುತ್ತಾಳೆ. ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ಅವಳಿಗೆ ಓದಲು ಬರುತ್ತದೆ. ಅವಳ ಓಟ ಜಿಲ್ಲೆಗೆ ಸಾಕಾಗುವಷ್ಟಿತ್ತೆಂಬುದು ನಿಮಗೆ ಗೊತ್ತು, ನನಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ಅವಳು ಇನ್ನು ಓಡಲಿ, ಓಡದಿರಲಿ, ಅದು ಅವಳ ಇಷ್ಟ. ಆದರೆ ಅವಳಿಗೆ ಗೊತ್ತಾಗಬೇಕು. ಉಳಿದ ಒಂಬತ್ತು ಹೆಸರುಗಳನ್ನು ನನಗೆ ಕಳಿಸಿ, ಯಾರು ಎಲ್ಲಿದ್ದಾರೆಂದು ನಾನು ಹುಡುಕಿ ಕೊಡುತ್ತೇನೆ. ಬರೆಯುವವರು ನೀವೇ ಆಗಬೇಕು.

ನಾನು ಸೋಮವಾರವೇ ಶುರು ಮಾಡಿದೆ. ಯಾರನ್ನೂ ಕೇಳಲಿಲ್ಲ.

ಸುನಿತಾ